ಸೊಂಟದ ಸುತ್ತಳತೆಯ ಲೆಕ್ಕ

ಎಂಟನೇ ತರಗತಿಗೆ ಅಳತೆಯ ಪಾಠ ಬಂದಾಗ ನಾನು ಪ್ರತಿ ವರ್ಷ ಒಂದು ದರ್ಜಿ ಟೇಪನ್ನು ಜೇಬಿನಲ್ಲಿಟ್ಟುಕೊಂಡು ಹೋಗುತ್ತೇನೆ. ನೇರ ಗೆರೆಯನ್ನು ಸ್ಕೇಲಿನಿಂದ ಅಳೆಯಬಹುದು, ದುಂಡನೆಯ ವಸ್ತುವಿನ ಸುತ್ತಳತೆ ತಿಳಿಯುವುದು ಹೇಗೆ ಎಂದು ಕೇಳಿ ಮಕ್ಕಳನ್ನು ಅಂಗಳಕ್ಕೆ ಬಿಡುತ್ತೇನೆ. ಅವರು ತೆಂಗಿನ ಮರ, ಧ್ವಜದ ಕಂಬ, ಬಿಸಿಯೂಟದ ಪಾತ್ರೆ ಎಲ್ಲವನ್ನೂ ಅಳೆದು ಬರುತ್ತಾರೆ. ಮೂರು ವರ್ಷದ ಹಿಂದೆ ಹೀಗೆ ಅಳೆಯುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, "ಸರ್, ನಿಮ್ಮ ಹೊಟ್ಟೆ ಅಳೀಲಾ?" ಎಂದುಬಿಟ್ಟ. ತರಗತಿ ಉಸಿರು ಬಿಗಿಹಿಡಿಯಿತು. ಬೈಯಬಹುದಿತ್ತು. ಆದರೆ ವಿಜ್ಞಾನದಲ್ಲಿ ಅಳೆಯಬಾರದ ವಸ್ತು ಯಾವುದೂ ಇಲ್ಲವೆಂದು ಹಿಂದಿನ ದಿನ ತಾನೇ ಹೇಳಿದ್ದವನು ನಾನು. "ಅಳಿಯಪ್ಪ" ಎಂದೆ. ಅವನು ಟೇಪು ಸುತ್ತಿ, ಕಣ್ಣು ಕಿರಿದು ಮಾಡಿ ಓದಿದ: "ತೊಂಬತ್ತೇಳೂವರೆ ಸೆಂಟಿಮೀಟರ್, ಸರ್!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ಬರಲಿಲ್ಲ.

ಏಕೆಂದರೆ ಆ ಸಂಖ್ಯೆಗೆ ಒಂದು ಅರ್ಥವಿದೆಯೆಂದು ನನಗೆ ಎಲ್ಲೋ ಓದಿದ ನೆನಪಿತ್ತು. ಆ ವಾರವೇ ದಾವಣಗೆರೆಗೆ ಹೋಗಿ ಬರಿ ಹೊಟ್ಟೆಯಲ್ಲಿ ರಕ್ತ ಕೊಟ್ಟು ಬಂದೆ. ಸಕ್ಕರೆ 109, ಟ್ರೈಗ್ಲಿಸರೈಡ್ ಎಂಬ ಕೊಬ್ಬು 226, ಒಳ್ಳೆಯ ಕೊಬ್ಬೆಂದು ಹೆಸರಾದ ಎಚ್‌ಡಿಎಲ್ 35, ರಕ್ತದೊತ್ತಡ 138/88. ವೈದ್ಯರು ಚೀಟಿ ನೋಡಿ, "ಮೇಷ್ಟ್ರೇ, ನಿಮಗೆ ಸಕ್ಕರೆ ಕಾಯಿಲೆ ಇಲ್ಲ. ಬಿಪಿ ಮಾತ್ರೆಯನ್ನೂ ಈಗಲೇ ಕೊಡೋದಿಲ್ಲ. ಆದರೆ ಐದಕ್ಕೆ ಐದೂ ತಗೊಂಡಿದ್ದೀರಿ" ಎಂದರು. ಮೂವತ್ತು ವರ್ಷ ಮಕ್ಕಳಿಗೆ ಅಂಕ ಕೊಟ್ಟವನು ನಾನು. ಐದಕ್ಕೆ ಐದು ಬಂದದ್ದಕ್ಕೆ ಬೇಸರಪಟ್ಟದ್ದು ಅಂದು ಒಂದೇ ಸಲ.

ಆ ಐದು ಯಾವುವು? ನಮ್ಮ ದೇಶದವರಿಗೆ ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ಮುಟ್ಟಿದರೆ ಒಂದು. ಟ್ರೈಗ್ಲಿಸರೈಡ್ 150 ಅಥವಾ ಅದಕ್ಕೂ ಮೇಲಿದ್ದರೆ ಎರಡು. ಎಚ್‌ಡಿಎಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕೆಳಗಿದ್ದರೆ ಮೂರು. ರಕ್ತದೊತ್ತಡದ ಮೇಲಿನ ಅಂಕಿ 130 ಅಥವಾ ಕೆಳಗಿನದು 85 ತಲುಪಿದರೆ ನಾಲ್ಕು. ಬರಿ ಹೊಟ್ಟೆಯ ಸಕ್ಕರೆ 100 ಮುಟ್ಟಿದರೆ ಐದು. ಇವುಗಳಲ್ಲಿ ಯಾವುದಾದರೂ ಮೂರು ಒಬ್ಬರಲ್ಲೇ ಸೇರಿದರೆ ಅದಕ್ಕೆ ಮೆಟಬಾಲಿಕ್ ಸಿಂಡ್ರೋಮ್ ಎಂದು ಹೆಸರು. ನಮ್ಮ ಪಠ್ಯಪುಸ್ತಕದ ಭಾಷೆಯಲ್ಲಿ ಚಯಾಪಚಯದ ಏರುಪೇರು ಎನ್ನಬಹುದು. ಬಿಡಿಬಿಡಿಯಾಗಿ ನೋಡಿದರೆ ಒಂದೊಂದೂ ಅಲ್ಪ. "ಸ್ವಲ್ಪ ಜಾಸ್ತಿ ಇದೆ, ಪರವಾಗಿಲ್ಲ" ಎಂದು ಚೀಟಿ ಮಡಚಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸುವಂಥವು. ಈ ಅಲ್ಪಗಳು ಒಟ್ಟಾಗಿ ಬರುವುದು ಆಕಸ್ಮಿಕವಲ್ಲ, ಎಲ್ಲದರ ಬೇರು ಒಂದೇ ಎಂದು ಅಮೆರಿಕದ ಜೆರಾಲ್ಡ್ ರೀವನ್ ಎಂಬ ವೈದ್ಯ ವಿಜ್ಞಾನಿ 1988ರಲ್ಲಿ ಒಂದು ಪ್ರಸಿದ್ಧ ಉಪನ್ಯಾಸದಲ್ಲಿ ತೋರಿಸಿದರು. ಹೆಸರಿಡಲು ತೋಚದೆ 'ಸಿಂಡ್ರೋಮ್ ಎಕ್ಸ್' ಎಂದರು. ಬೀಜಗಣಿತದ ಎಕ್ಸ್ ಇದ್ದ ಹಾಗೆ.

ನಾನು ಈ ಚೀಟಿಯನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸದೆ ಇದ್ದದ್ದಕ್ಕೆ ಕಾರಣ ನನ್ನ ಜಾಣತನವಲ್ಲ. ನಮ್ಮ ಅಪ್ಪ ಐವತ್ತೊಂಬತ್ತನೇ ವಯಸ್ಸಿನಲ್ಲಿ ಅಡಿಕೆ ಕೊಯ್ಲಿನ ದಿನಗಳಲ್ಲಿ, ಬೇಯಿಸುವ ಹಂಡೆಯ ಪಕ್ಕದಲ್ಲೇ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ನಮ್ಮ ಅಣ್ಣನಿಗೆ ನಲವತ್ತೆಂಟಕ್ಕೆ ಸಕ್ಕರೆ ಕಾಯಿಲೆ ಬಂತು. ಈಗ ಬಲಗಾಲಿನ ಎರಡು ಬೆರಳಿಲ್ಲ. ಮನೆಯಲ್ಲಿ ಇದನ್ನು ಹಣೆಬರಹವೆಂದೇ ನಂಬಿದ್ದರು. "ನಮ್ಮ ವಂಶಕ್ಕೆ ಅದು ಬಂದದ್ದೇ, ನಿನಗೂ ಬರುತ್ತೆ, ಅಲ್ಲಿತನಕ ಉಂಡು ಸುಖವಾಗಿರು" ಎಂದು ಅಣ್ಣ ಹೇಳುತ್ತಿದ್ದ. ವಂಶದಿಂದ ಬರುವ ಪಾಲು ಇದೆ, ಇಲ್ಲವೆನ್ನುವುದಿಲ್ಲ. ಆದರೆ ಅದರ ಕಥೆ ಅಣ್ಣ ತಿಳಿದಷ್ಟು ಸರಳವಲ್ಲ. ಆ ಕಥೆಯ ಒಂದು ಮುಖ್ಯ ಅಧ್ಯಾಯ ಬರೆದದ್ದು ನಮ್ಮ ಮೈಸೂರಿನ ಒಂದು ಆಸ್ಪತ್ರೆಯ ಹಳೆಯ ದಫ್ತರಗಳು ಎಂಬುದನ್ನು ನಮ್ಮ ಮಕ್ಕಳು ತಿಳಿದಿರಬೇಕು.

ಇಂಗ್ಲೆಂಡಿನ ಹರ್ಟ್‌ಫರ್ಡ್‌ಷೈರ್ ಪ್ರಾಂತದಲ್ಲಿ 1911ರಿಂದ ದಾದಿಯರು ಪ್ರತಿ ಹೆರಿಗೆಯಲ್ಲಿಯೂ ಮಗುವಿನ ತೂಕವನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಎಷ್ಟೋ ದಶಕಗಳ ಮೇಲೆ ಡೇವಿಡ್ ಬಾರ್ಕರ್ ಎಂಬ ವೈದ್ಯರು ಆ ಪುಸ್ತಕಗಳನ್ನು ತೆಗೆದು, ಆ ಮಕ್ಕಳು ದೊಡ್ಡವರಾಗಿ ಯಾವ ಕಾಯಿಲೆಯಿಂದ ತೀರಿಕೊಂಡರು ಎಂದು ತಾಳೆ ನೋಡಿದರು. ಹುಟ್ಟುವಾಗ ಮತ್ತು ಮೊದಲ ವರ್ಷದಲ್ಲಿ ತೂಕ ಕಡಿಮೆ ಇದ್ದವರಲ್ಲಿ ಹೃದಯದ ಕಾಯಿಲೆಯ ಸಾವು ಹೆಚ್ಚು ಎಂದು 1989ರಲ್ಲಿ ಪ್ರಕಟಿಸಿದರು. ಬಹಳ ಮಂದಿ ನಂಬಲಿಲ್ಲ. ಇಂಗ್ಲೆಂಡಿನದು ಇಂಗ್ಲೆಂಡಿಗೆ ಎಂದರು. ಹಾಗಾದರೆ ಬೇರೆ ದೇಶದಲ್ಲಿ ಅಷ್ಟು ಹಳೆಯ ಲೆಕ್ಕ ಎಲ್ಲಿದೆ? ಮೈಸೂರಿನಲ್ಲಿತ್ತು. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಹಳಬರು ಮಿಷನ್ ಆಸ್ಪತ್ರೆ ಎನ್ನುವಲ್ಲಿ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಮೂರನ್ನೂ ಬರೆದಿಟ್ಟಿದ್ದರು. ಬರೆದವರಿಗೆ ಅದು ಮುಂದೆ ಯಾವ ಉಪಯೋಗಕ್ಕೆ ಬರುತ್ತದೆಂದು ಖಂಡಿತ ಗೊತ್ತಿರಲಿಲ್ಲ. ದಿನದ ಕೆಲಸವೆಂದು ಮಾಡಿದರು. ಪ್ರಯೋಗದ ಪುಸ್ತಕ ಬರೆಯಲು ಬೇಸರಪಡುವ ಮಕ್ಕಳಿಗೆ ನಾನು ಈ ಮಾತನ್ನು ವರ್ಷಕ್ಕೊಮ್ಮೆ ಹೇಳುತ್ತೇನೆ.

ಆ ಆಸ್ಪತ್ರೆಯಲ್ಲಿ 1934ರಿಂದ 1954ರ ಒಳಗೆ ಹುಟ್ಟಿ, ಇನ್ನೂ ಅದೇ ಸುತ್ತಮುತ್ತ ವಾಸವಾಗಿದ್ದ 517 ಮಂದಿಯನ್ನು ಸಂಶೋಧಕರು ಹುಡುಕಿ ಪರೀಕ್ಷಿಸಿದರು. ಇಂಗ್ಲೆಂಡಿನ ಕ್ಯಾರೊಲಿನ್ ಫಾಲ್ ಮತ್ತು ಅವರ ಸಂಗಡಿಗರ ಕೆಲಸ ಅದು. ಫಲಿತಾಂಶ 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. 3.1 ಕಿಲೋ ಅಥವಾ ಅದಕ್ಕೂ ಹೆಚ್ಚು ಇದ್ದವರಲ್ಲಿ ನೂರಕ್ಕೆ 3. ಸಕ್ಕರೆ ಕಾಯಿಲೆಯ ಲೆಕ್ಕ ಮಾತ್ರ ಇನ್ನೊಂದು ಬಗೆಯಾಗಿ ಬಂತು. ತೂಕ ಕಡಿಮೆಯಾದವರಲ್ಲಿ ಅಲ್ಲ, ಉದ್ದ ಕಡಿಮೆಯಿದ್ದು ಮೈ ದುಂಡಗಿದ್ದ ಮಕ್ಕಳಲ್ಲಿ ಮುಂದೆ ಅದು ಹೆಚ್ಚು. ಅಂಥ ಮಕ್ಕಳ ತಾಯಂದಿರ ತೂಕವೂ ಹೆಚ್ಚಿಗೆ ಇತ್ತು. ತಾಯಿಗೇ ಬಸುರಿನಲ್ಲಿ ಸಕ್ಕರೆ ಏರಿರಬಹುದೆ ಎಂಬ ಸಂಶಯ ಹುಟ್ಟಿ, ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಬಸುರಿಯರನ್ನು ಪರೀಕ್ಷಿಸಿದರು. ನೂರಕ್ಕೆ ಆರು ಮಂದಿಗೆ ಸಕ್ಕರೆ ಏರಿತ್ತು. ಆ ತಾಯಂದಿರ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದಾಗ ಐದನೇ ವಯಸ್ಸಿಗೇ, ಮತ್ತೆ ಒಂಬತ್ತೂವರೆ ವಯಸ್ಸಿಗೆ, ಮುಖ್ಯವಾಗಿ ಹೆಣ್ಣುಮಕ್ಕಳಲ್ಲಿ, ಮೈಯ ಕೊಬ್ಬೂ ಇನ್ಸುಲಿನ್ನೂ ಹೆಚ್ಚಿಗೆ ಕಂಡಿತು.

ಪುಣೆಯ ಡಾ. ಚಿತ್ತರಂಜನ ಯಾಜ್ಞಿಕ್ ಇನ್ನೊಂದು ಕಡೆಯಿಂದ ಇದನ್ನೇ ತೋರಿಸಿದರು. ಅವರ ಸುತ್ತಿನ ಹಳ್ಳಿಗಳಲ್ಲಿ ಹುಟ್ಟುವ ಮಗುವಿನ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ 3.5 ಕಿಲೋ. ನಮ್ಮ ಮಗುವಿನಲ್ಲಿ ಕಡಿಮೆಯಾದದ್ದು ಹೆಚ್ಚಾಗಿ ಮಾಂಸ, ಚರ್ಮದಡಿಯ ಕೊಬ್ಬು ಅಷ್ಟಾಗಿ ಕಡಿಮೆಯಾಗಿರಲಿಲ್ಲ. ನೋಡಲು ಸಣಕಲು, ಒಳಗೆ ಕೊಬ್ಬು. 2004ರಲ್ಲಿ ಅವರು ತಮ್ಮದೇ ಫೋಟೊವನ್ನು ಲಂಡನ್ನಿನ ಸ್ನೇಹಿತ ಜಾನ್ ಯುಡ್ಕಿನ್ ಅವರ ಫೋಟೊ ಜೊತೆಗಿಟ್ಟು ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3. ಮೈಯಲ್ಲಿದ್ದ ಕೊಬ್ಬು ಮಾತ್ರ ಇಂಗ್ಲಿಷಿನವರಲ್ಲಿ ನೂರಕ್ಕೆ 9.1, ನಮ್ಮವರಲ್ಲಿ 21.2. ತೂಕದ ಯಂತ್ರದ ಮೇಲೆ ನಿಂತು "ನಾನು ದಪ್ಪ ಇಲ್ಲ" ಎಂದು ಇಳಿದು ಬರುವವರು ಟೇಪನ್ನೂ ಒಮ್ಮೆ ಸುತ್ತಿಕೊಳ್ಳಬೇಕಾದದ್ದು ಇದಕ್ಕೇ. ಪ್ಯಾಂಟಿನ ನಂಬರು ಲೆಕ್ಕಕ್ಕಿಲ್ಲ, ನಾವು ಗಂಡಸರು ಅದನ್ನು ಹೊಟ್ಟೆಯ ಕೆಳಗೆ ಕಟ್ಟುತ್ತೇವೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಉಸಿರನ್ನು ಸಹಜವಾಗಿ ಬಿಟ್ಟಾಗ ಅಳೆಯಬೇಕು. ಹೊಟ್ಟೆ ಒಳಗೆಳೆದುಕೊಂಡು ಅಳೆದರೆ ಅದು ಕಾಪಿ ಹೊಡೆದ ಹಾಗೆ.

ಹೊಟ್ಟೆಯ ಕೊಬ್ಬಿಗೂ ಹೃದಯಕ್ಕೂ ಏನು ಸಂಬಂಧ? ಸೂಳೆಕೆರೆಯ ಕೆಳಗಿನ ಗದ್ದೆ ನೋಡಿದವರಿಗೆ ಸುಲಭವಾಗಿ ಹೇಳಬಹುದು. ಕಾಲುವೆಯ ನೀರು ಗದ್ದೆಗೆ ತಾನಾಗಿ ಹೋಗುವುದಿಲ್ಲ. ನೀರುಗಂಟಿ ಬಂದು ತೂಬು ಎತ್ತಬೇಕು. ರಕ್ತದ ಸಕ್ಕರೆಯೇ ನೀರು, ಮಾಂಸಖಂಡದ ಜೀವಕೋಶವೇ ಗದ್ದೆ, ಮೇದೋಜೀರಕ ಗ್ರಂಥಿಯಿಂದ ಬರುವ ಇನ್ಸುಲಿನ್ನೇ ನೀರುಗಂಟಿ. ಪಿತ್ತಜನಕಾಂಗದಲ್ಲಿಯೂ ಮಾಂಸಖಂಡದಲ್ಲಿಯೂ ಕೊಬ್ಬು ಸೇರಿಕೊಂಡರೆ ತೂಬಿಗೆ ಹೂಳು ತುಂಬಿದ ಹಾಗೆ, ಒಬ್ಬ ನೀರುಗಂಟಿಯಿಂದ ಏಳುವುದಿಲ್ಲ. ಗ್ರಂಥಿ ಇಬ್ಬರನ್ನು ಕಳಿಸುತ್ತದೆ, ನಾಲ್ವರನ್ನು ಕಳಿಸುತ್ತದೆ. ಈ ಕಾಲದಲ್ಲಿ ಸಕ್ಕರೆ ಪರೀಕ್ಷೆ ಮಾಡಿಸಿದರೆ ಸರಿಯಾಗಿಯೇ ಇರುತ್ತದೆ, ಒಳಗೆ ದುಡಿಮೆ ಮಾತ್ರ ಇಮ್ಮಡಿ. ಕೆಲವು ವರ್ಷಗಳ ಮೇಲೆ ಗ್ರಂಥಿಗೆ ಸುಸ್ತಾಗುತ್ತದೆ. ಆಗ ಕಾಲುವೆ ಉಕ್ಕಿ ಸಕ್ಕರೆ ಕಾಯಿಲೆ ಎನಿಸಿಕೊಳ್ಳುತ್ತದೆ.

ಹೊಟ್ಟೆಯೊಳಗಿನ ಕೊಬ್ಬು ತೊಡೆಯ ಕೊಬ್ಬಿನಂತೆ ಸುಮ್ಮನೆ ಕೂರುವ ಜಾತಿಯಲ್ಲ. ಅದರಿಂದ ಹೊರಟ ಕೊಬ್ಬಿನಾಮ್ಲ ನೇರವಾಗಿ ಪಿತ್ತಜನಕಾಂಗಕ್ಕೆ ಹರಿಯುತ್ತದೆ. ಅದು ಟ್ರೈಗ್ಲಿಸರೈಡ್ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಅದು ಏರಿದ ಹಾಗೆ ಎಚ್‌ಡಿಎಲ್ ಇಳಿಯುತ್ತದೆ, ಅಪಧಮನಿಯ ಗೋಡೆಯಲ್ಲಿ ಸೇರಿಕೊಳ್ಳುವ ಕೆಟ್ಟ ಕೊಬ್ಬಿನ ಕಣಗಳು ಸಣ್ಣವಾಗಿ ಒಳನುಗ್ಗುತ್ತವೆ. ಹೆಚ್ಚಾದ ಇನ್ಸುಲಿನ್ ಮೂತ್ರಪಿಂಡದಲ್ಲಿ ಉಪ್ಪನ್ನು ಹಿಡಿದಿಟ್ಟು ರಕ್ತದೊತ್ತಡ ಏರಿಸುವುದರಲ್ಲಿ ಕೈಜೋಡಿಸುತ್ತದೆ. ಐದಕ್ಕೆ ಐದು ಒಟ್ಟಿಗೆ ಬರುವುದು ಹೀಗೆ. ಅಪ್ಪನ ಹೃದಯವೂ ಅಣ್ಣನ ಕಾಲ್ಬೆರಳೂ ಬೇರೆ ಬೇರೆ ಕಾಯಿಲೆಯಲ್ಲ, ಒಂದೇ ಗಿಡದ ಎರಡು ಕೊಂಬೆ ಎಂದು ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ, ಬಿಎಸ್ಸಿ ಓದಿದ ಎಷ್ಟೋ ವರ್ಷಕ್ಕೆ.

ಇನ್ನು ತಡೆಯುವ ಮಾತು. ಇದರಲ್ಲಿ ಉಪದೇಶಕ್ಕಿಂತ ಲೆಕ್ಕ ಒಳ್ಳೆಯದು. ಚೀನಾದ ದಾಚಿಂಗ್ ಎಂಬ ಊರಿನಲ್ಲಿ 1986ರಲ್ಲಿ ಒಂದು ಪ್ರಯೋಗ ಆರಂಭವಾಯಿತು. ಸಕ್ಕರೆ ಅರೆಬರೆ ಏರಿದ್ದ 577 ಜನರಲ್ಲಿ ಕೆಲವರಿಗೆ ಊಟದ ಹಿಡಿತ, ಕೆಲವರಿಗೆ ವ್ಯಾಯಾಮ, ಕೆಲವರಿಗೆ ಎರಡೂ, ಉಳಿದವರಿಗೆ ಮಾಮೂಲು. ಆರು ವರ್ಷ ನಡೆಸಿದರು. ಅಲ್ಲಿಗೆ ಬಿಡಲಿಲ್ಲ, ಮೂವತ್ತು ವರ್ಷ ಆ ಜನರನ್ನು ಹಿಂಬಾಲಿಸಿ 2019ರಲ್ಲಿ ಲೆಕ್ಕ ಕೊಟ್ಟರು. ಹಿಡಿತದಲ್ಲಿದ್ದವರಿಗೆ ಸಕ್ಕರೆ ಕಾಯಿಲೆ ಸುಮಾರು ನಾಲ್ಕು ವರ್ಷ ತಡವಾಗಿ ಬಂದಿತ್ತು. ಹೃದಯಾಘಾತ, ಪಾರ್ಶ್ವವಾಯುವಿನಂಥವು ನೂರಕ್ಕೆ 26ರಷ್ಟು ಕಡಿಮೆಯಾಗಿದ್ದವು. ನಾಲ್ಕೇ ವರ್ಷವೆ ಎಂದು ಮೂಗು ಮುರಿಯುವವರುಂಟು. ಮಗಳ ಓದು ಮುಗಿಯಲು ನಾಲ್ಕು ವರ್ಷ ಸಾಕು ಸ್ವಾಮಿ. ಫಿನ್ಲೆಂಡಿನಲ್ಲಿ 2001ರಲ್ಲಿ, ಅಮೆರಿಕದಲ್ಲಿ 2002ರಲ್ಲಿ ಬಂದ ಫಲಿತಾಂಶಗಳು ಒಂದೇ ಅಂಕಿ ಹೇಳಿದವು: ಹೊಸದಾಗಿ ಸಕ್ಕರೆ ಕಾಯಿಲೆ ಬರುವುದು ನೂರಕ್ಕೆ 58ರಷ್ಟು ತಗ್ಗಿತು. ಅಮೆರಿಕದವರು ಕೇಳಿದ್ದು ವಾರಕ್ಕೆ 150 ನಿಮಿಷ ನಡಿಗೆ, ಮೈತೂಕದಲ್ಲಿ ನೂರಕ್ಕೆ ಏಳರಷ್ಟು ಇಳಿಕೆ. ಅದೇ ಪ್ರಯೋಗದಲ್ಲಿ ಮೆಟ್ಫಾರ್ಮಿನ್ ಮಾತ್ರೆ ತೆಗೆದುಕೊಂಡವರಲ್ಲಿ ತಗ್ಗಿದ್ದು 31.

ನಮ್ಮವರಿಗೆ ಇದು ಹೊಂದುತ್ತದೆಯೆ? ಚೆನ್ನೈಯ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು 531 ಜನರ ಮೇಲೆ ನಡೆಸಿದ ಪ್ರಯೋಗದ ಫಲ 2006ರಲ್ಲಿ ಬಂತು. ಏನೂ ಮಾಡದೆ ಬಿಟ್ಟ ಗುಂಪಿನಲ್ಲಿ ಮೂರು ವರ್ಷದಲ್ಲಿ ನೂರಕ್ಕೆ 55 ಮಂದಿ ಸಕ್ಕರೆ ಕಾಯಿಲೆಯವರಾದರು. ನಮ್ಮ ಜನ ಎಷ್ಟು ಬೇಗ ಅತ್ತ ಜಾರುತ್ತಾರೆ ನೋಡಿ. ದಿನಕ್ಕೆ ಅರ್ಧ ಗಂಟೆ ಬಿರುಸು ನಡಿಗೆ, ಸಕ್ಕರೆ ಎಣ್ಣೆ ಕಡಿಮೆ, ನಾರು ಹೆಚ್ಚು ಎಂಬ ಹಿಡಿತದಲ್ಲಿದ್ದವರಲ್ಲಿ 39. ನನಗೆ ಬಹಳ ಹಿಡಿಸಿದ ಸಂಗತಿ ಎಂದರೆ, ಅವರ ಮೈತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ, ಆದರೂ ಗುಣ ಕಂಡಿತು. ಏಕೆಂದರೆ ದುಡಿಯುವ ಮಾಂಸಖಂಡಕ್ಕೆ ಸಕ್ಕರೆ ಎಳೆದುಕೊಳ್ಳಲು ನೀರುಗಂಟಿ ಬೇಕಿಲ್ಲ. ಖಂಡ ಸಂಕುಚಿಸಿದಾಗ ಇನ್ಸುಲಿನ್ ಇಲ್ಲದೆಯೂ ಅದರ ತೂಬು ತಾನೇ ಏಳುತ್ತದೆ. ಉಂಡ ಮೇಲೆ ಹತ್ತು ಹದಿನೈದು ನಿಮಿಷ ಓಡಾಡುವ ಹಿರಿಯರ ಅಭ್ಯಾಸದ ಹಿಂದಿನ ವಿಜ್ಞಾನ ಇದೇ.

ನಮ್ಮ ಹಿರಿಯರು ಇದನ್ನೆಲ್ಲ ಓದಿ ನಡೆಯಲಿಲ್ಲ, ನಡೆಯದೆ ಗತಿಯಿರಲಿಲ್ಲ. ಭದ್ರಾ ನಾಲೆಯೂ ಕೊಳವೆಬಾವಿಯೂ ಬಂದ ಮೇಲೆ ಚನ್ನಗಿರಿ ತಾಲ್ಲೂಕಿನಲ್ಲಿ ಜೋಳ, ರಾಗಿ, ನವಣೆಯ ಹೊಲಗಳು ಅಡಿಕೆ ತೋಟಗಳಾದವು. ತಟ್ಟೆಯಲ್ಲಿ ಅನ್ನದ ಗುಡ್ಡ ಬೆಳೆಯಿತು. ಅಡಿಕೆ ಸುಲಿಯಲು ಯಂತ್ರ ಬಂತು, ತೋಟಕ್ಕೆ ಹೋಗಲು ಬೈಕು ಬಂತು. ಇದರಿಂದ ಜನಕ್ಕೆ ಬಂದ ನೆಮ್ಮದಿಯನ್ನು ಅಲ್ಲಗಳೆಯುವಷ್ಟು ಕೃತಘ್ನ ನಾನಲ್ಲ, ನಾನು ಓದಿದ್ದೇ ಅಡಿಕೆ ದುಡ್ಡಿನಿಂದ. ಆದರೆ ಅಡಿಕೆಯ ಮಾತು ಬಂದಾಗ ಮುಚ್ಚುಮರೆ ಮಾಡಲಾರೆ. ಅಡಿಕೆ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟವಾದ ವರದಿಯಲ್ಲಿ ಹೇಳಿದ್ದು ನಮ್ಮ ಕಡೆ ಯಾರಿಗೂ ಹಿಡಿಸಿಲ್ಲ. ಅದರ ಜೊತೆಗೆ, ಅಡಿಕೆ ಅಗಿಯುವವರಲ್ಲಿ ಸೊಂಟದ ಬೊಜ್ಜೂ ಸಕ್ಕರೆ ಕಾಯಿಲೆಯೂ ಹೆಚ್ಚು ಎಂದು ತೈವಾನಿನ ಹಲವು ಅಧ್ಯಯನಗಳು ಹೇಳಿವೆ. ಬೆಳೆಯುವುದು ಬೇರೆ, ದಿನವಿಡೀ ಅಗಿಯುವುದು ಬೇರೆ. ಗುಟ್ಕಾವನ್ನು ನಮ್ಮ ರಾಜ್ಯ 2013ರಲ್ಲಿ ನಿಷೇಧಿಸಿದರೂ ಎರಡು ಪೊಟ್ಟಣ ಬೇರೆ ಬೇರೆ ಕೊಂಡು ಬೆರೆಸಿಕೊಳ್ಳುವ ಜಾಣತನ ನಮ್ಮ ಹೈಸ್ಕೂಲು ಹುಡುಗರಿಗೂ ಬಂದಿದೆ. ತಂದೆಯ ಜೇಬು ನೋಡಿಯೇ ಅವರು ಕಲಿತದ್ದು.

ಊಟದ ವಿಷಯಕ್ಕೆ ಬರೋಣ. ನನ್ನ ಮೊದಲ ತಪ್ಪು ಸಿಕ್ಕಿದ್ದು ಊಟದಲ್ಲಲ್ಲ, ಸ್ಟಾಫ್ ರೂಮಿನ ಚಹಾದಲ್ಲಿ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ, ಚಮಚಕ್ಕೆ ಐದು ಗ್ರಾಂ. ದಿನಕ್ಕೆ 40 ಗ್ರಾಂ. ವರ್ಷಕ್ಕೆ ಎಷ್ಟು ಎಂದು ತರಗತಿಯಲ್ಲಿ ಕೇಳಿದೆ, 14 ಕಿಲೋ 600 ಗ್ರಾಂ ಎಂದು ಮಕ್ಕಳು ಕೂಡಲೇ ಹೇಳಿದರು. ದಿನಕ್ಕೆ 25 ಗ್ರಾಮಿನೊಳಗೆ ಇದ್ದರೆ ಉತ್ತಮ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬೆಲ್ಲಕ್ಕೆ ಬದಲಾಯಿಸಿಕೊಂಡೆ ಎಂದು ಮಿತ್ರರೊಬ್ಬರು ಸಮಾಧಾನಪಟ್ಟುಕೊಂಡರು. ರಕ್ತಕ್ಕೆ ಸೇರಿದ ಮೇಲೆ ಬೆಲ್ಲಕ್ಕೂ ಸಕ್ಕರೆಗೂ ಜಗಳವಿಲ್ಲ. ಮುದ್ದೆಯ ವಿಷಯದಲ್ಲಿಯೂ ಇಂಥದೇ ಒಂದು ಭ್ರಮೆ ಇದೆ. ರಾಗಿಯಲ್ಲಿ ನಾರು, ಸುಣ್ಣದ ಅಂಶ ಹೆಚ್ಚು, ಪಾಲಿಷ್ ಅಕ್ಕಿಗಿಂತ ಮೇಲು, ಸರಿ. ಆದರೆ ಅದೂ ಪಿಷ್ಟವೇ. ಅನ್ನ ಬಿಟ್ಟೆನೆಂದು ಮೂರು ಮುದ್ದೆ ನುಂಗಿದರೆ ಲೆಕ್ಕ ಅಲ್ಲಿಗೇ ಬಂತು. ನಮ್ಮ ಮನೆಯಾಕೆ ಒಂದು ಸುಲಭ ಉಪಾಯ ಮಾಡಿದಳು. ಮೊದಲು ತಟ್ಟೆಯ ಅರ್ಧಕ್ಕೆ ಪಲ್ಯ, ಸೊಪ್ಪು, ಕೋಸಂಬರಿ ಬಡಿಸಿ, ಆಮೇಲೆ ಕಾಳಿನ ಸಾರು ಒಂದು ಬಟ್ಟಲು, ಉಳಿದ ಜಾಗಕ್ಕೆ ಒಂದು ಮುದ್ದೆ ಅಥವಾ ಅನ್ನ. "ರೀ, ಎರಡನೇ ಸಲ ಅನ್ನ ಕೇಳಬೇಡಿ, ಮಜ್ಜಿಗೆ ಕೇಳಿ" ಎಂದಳು. ದಾವಣಗೆರೆಗೆ ಹೋದಾಗ ಬೆಣ್ಣೆ ದೋಸೆ ಬಿಟ್ಟಿಲ್ಲ. ಸಂಜೆಯ ಮೆಣಸಿನಕಾಯಿ ಬಜ್ಜಿ ಬಿಟ್ಟಿದ್ದೇನೆ, ದಿನವಿಡೀ ಕಾದ ಅದೇ ಎಣ್ಣೆಯನ್ನು ಕಣ್ಣಾರೆ ಕಂಡ ಮೇಲೆ. ಬರಿ ಮಂಡಕ್ಕಿಗೆ ಈರುಳ್ಳಿ, ಶೇಂಗಾ, ನಿಂಬೆಹಣ್ಣು ಸಾಕು.

ಬೆಳಿಗ್ಗೆ ನಮ್ಮೂರ ಪುಷ್ಕರಣಿಯ ಕಡೆಯಿಂದ ಸುತ್ತುಹಾಕಿ ಬರುತ್ತೇನೆ. ಪಾಳೇಗಾರ ಹನುಮಪ್ಪ ನಾಯಕ ಕಟ್ಟಿಸಿದ ಹೊಂಡ, ನಡುವೆ ವಸಂತ ಮಂಟಪ. ನೋಡಲು ಎಲ್ಲಿಂದಲೋ ಜನ ಬರುತ್ತಾರೆ, ಊರವರಾದ ನಾವು ಅದರ ಮುಂದೆ ಬೈಕಿನಲ್ಲಿ ಹಾದುಹೋಗುತ್ತೇವೆ. ಮೊದಲ ವಾರ ಪರಿಚಯದವರೆಲ್ಲ ಬೈಕು ನಿಲ್ಲಿಸಿ "ಗಾಡಿ ಕೆಟ್ಟಿತಾ ಮೇಷ್ಟ್ರೇ?" ಎಂದು ಕೇಳಿದರು. ನಡೆಯುವ ಮನುಷ್ಯ ನಮ್ಮಲ್ಲಿ ಅಷ್ಟು ಅಪರೂಪವಾಗಿದ್ದಾನೆ. ಒಂದು ವರ್ಷಕ್ಕೆ ಸೊಂಟ 91ಕ್ಕೆ ಇಳಿಯಿತು, ಸಕ್ಕರೆ 98, ಟ್ರೈಗ್ಲಿಸರೈಡ್ 154. ಎಚ್‌ಡಿಎಲ್ ಮಾತ್ರ 38ರಲ್ಲೇ ಹಟ ಹಿಡಿದು ಕೂತಿದೆ. ಮಗಳ ಮದುವೆಯ ಗದ್ದಲದಲ್ಲಿ ನಾಲ್ಕು ತಿಂಗಳು ನಡಿಗೆ ತಪ್ಪಿ ಸೊಂಟ ಮತ್ತೆ 94 ಆಯಿತು. ಈಗ ಮತ್ತೆ ಇಳಿಸುತ್ತಿದ್ದೇನೆ.

ಇಲ್ಲಿ ಒಂದು ಎಚ್ಚರಿಕೆ. ನಡಿಗೆ ಶುರುಮಾಡಿದೆನೆಂದು, ಯಾರೋ ಕಷಾಯ ಹೇಳಿದರೆಂದು, ವೈದ್ಯರು ಕೊಟ್ಟ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ನಮ್ಮ ಸಹೋದ್ಯೋಗಿಯೊಬ್ಬರು ಬಿಪಿ ಮಾತ್ರೆ ಬಿಟ್ಟು ಆರು ತಿಂಗಳಿಗೆ ಪಾರ್ಶ್ವವಾಯುವಿಗೆ ತುತ್ತಾದರು. ಮೂವತ್ತು ದಾಟಿದವರ ಬಿಪಿ ಮತ್ತು ಸಕ್ಕರೆಯನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ನೋಡುತ್ತಾರೆ, ನಾಚಿಕೆ ಬೇಡ. ಎದೆ ಬಿಗಿತ, ಎಡಗೈಗೋ ದವಡೆಗೋ ಹರಿಯುವ ನೋವು, ತಣ್ಣನೆ ಬೆವರು ಬಂದರೆ ಗ್ಯಾಸ್ ಎಂದು ಸೋಡಾ ಕುಡಿದು ಮಲಗಬೇಡಿ. ನಮ್ಮ ಅಪ್ಪನಿಗೆ ಸೋಡಾ ಕೊಟ್ಟವನು ನಾನೇ. ಪುನೀತ್ ರಾಜ್‌ಕುಮಾರ್ 2021ರಲ್ಲಿ 46ನೇ ವಯಸ್ಸಿಗೆ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಆರಂಭವಾದ ಹೃದಯ ಜ್ಯೋತಿ ಯೋಜನೆಯಲ್ಲಿ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು ದೂರದ ತಜ್ಞರಿಗೆ ಕಳಿಸಿ, ರಕ್ತದ ಗಡ್ಡೆ ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ಮೊದಲ ಗಂಟೆ ಕಳೆಯಬಾರದು.

2025ರ ಜೂನ್, ಜುಲೈಯಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿಗಳು ಬಂದಾಗ ನಮ್ಮ ಮಕ್ಕಳು ಹೆದರಿ, "ಸರ್, ಅದು ಇಲ್ಲಿಗೂ ಹರಡುತ್ತಾ?" ಎಂದು ಕೇಳಿದರು. ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ಸಮಿತಿ ವಿಚಾರಿಸಿ, ಅಸಹಜವಾದ ಏರಿಕೆ ಇಲ್ಲ, ಹಳೆಯ ಪರಿಚಿತ ಕಾರಣಗಳೇ ಇವೆ ಎಂದಿತು. ಧೂಮಪಾನ, ಮದ್ಯ, ಬಿಪಿ, ಸಕ್ಕರೆ. ಹರಡುವ ರೋಗಾಣು ಯಾವುದೂ ಇಲ್ಲ ಎಂದೆ. ಮನೆಯಿಂದ ಮನೆಗೆ ಹರಡದಿದ್ದರೂ ಒಂದೇ ಮನೆಯೊಳಗೆ ಅಭ್ಯಾಸವಾಗಿ ಹರಡುತ್ತದೆ ಎಂಬುದನ್ನು ಆಗ ಹೇಳಲು ಹೋಗಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ತಂದೆ ತಾಯಂದಿರಲ್ಲಿ ಎರಡು ಮಾತು. ಮೇಲೆ ಹೇಳಿದ 90, 80ರ ಅಳತೆ ದೊಡ್ಡವರಿಗೆ. ಅದನ್ನು ಹಿಡಿದು ಮಕ್ಕಳನ್ನು ಅಳೆದು ಹೀಯಾಳಿಸಬೇಡಿ. ದಪ್ಪವಾಗುತ್ತಿ ಎಂದು ಹೆಣ್ಣುಮಕ್ಕಳ ತಟ್ಟೆಯಿಂದ ಮೊಟ್ಟೆ, ಹಾಲು, ಕಾಳು ಕಿತ್ತುಕೊಳ್ಳಬೇಡಿ. ಮೈಸೂರಿನ ಆ ದಫ್ತರಗಳು ಹೇಳುವುದು ನಾಳೆಯ ತಾಯಿಯಾಗುವ ಇವತ್ತಿನ ಹುಡುಗಿಯ ಕಥೆಯನ್ನೇ. ತೆಗೆಯಬೇಕಾದದ್ದು ಬಣ್ಣದ ಪಾನೀಯ, ಪೊಟ್ಟಣದ ಕುರುಕಲು. ಕೊಡಬೇಕಾದದ್ದು ದಿನಕ್ಕೆ ಒಂದು ಗಂಟೆ ಮೈಮುರಿಯುವ ಆಟ. ಇದನ್ನು ಬರೆಯುವಾಗ ನನ್ನ ಪೆನ್ನು ಸ್ವಲ್ಪ ತಡೆಯಿತು. ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕಾಗಿ ಆಟದ ಪೀರಿಯಡ್ಡುಗಳನ್ನು ವರ್ಷಗಟ್ಟಲೆ ಕಸಿದುಕೊಂಡು ವಿಜ್ಞಾನದ ವಿಶೇಷ ತರಗತಿ ಮಾಡಿದವನು ನಾನು. ದೈಹಿಕ ಶಿಕ್ಷಣದ ಮೇಷ್ಟ್ರು ಏನೂ ಅನ್ನದೆ ಚೆಂಡನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಹೆತ್ತವರ ಸಭೆಯಲ್ಲಿ ನನಗೆ ಶಾಲು ಹೊದಿಸಿದರು. ಈಗ ಎರಡು ವರ್ಷದಿಂದ ಆ ಪೀರಿಯಡ್ಡುಗಳನ್ನು ಮುಟ್ಟುತ್ತಿಲ್ಲ. ಫಲಿತಾಂಶ ಇಳಿದಿಲ್ಲ.

ಈ ವರ್ಷದ ಅಳತೆಯ ಪಾಠ ಮುಗಿದ ಮಾರನೆಯ ದಿನ ಹುಡುಗಿಯೊಬ್ಬಳು ಟೇಪನ್ನು ಹಿಂತಿರುಗಿಸಲು ಬಂದಳು. ಕೇಳದೆ ಮನೆಗೆ ಒಯ್ದಿದ್ದಳಂತೆ. ಮಡಚಿದ ಚೀಟಿಯೊಂದನ್ನು ಮೇಜಿನ ಮೇಲಿಟ್ಟಳು. 'ಅಪ್ಪಾಜಿ 104, ಅಮ್ಮ 89' ಎಂದಿತ್ತು. "ಇದು ಜಾಸ್ತಿನಾ ಸರ್?" ಎಂದಳು. ಅವಳ ತಂದೆ ಅಡಿಕೆ ಖೇಣಿ ಹಿಡಿಯುವವರು, ನನಗಿಂತ ಹತ್ತು ವರ್ಷ ಚಿಕ್ಕವರು. ಸಂಜೆ ಅವರ ಮನೆಗೆ ಹೋದೆ. "ಏನ್ ಮೇಷ್ಟ್ರೇ, ಮಗಳು ಏನಾದ್ರೂ ತಪ್ಪು ಮಾಡಿದ್ಲಾ?" ಎಂದು ಗಾಬರಿಯಿಂದ ಎದ್ದು ನಿಂತರು. ಇಲ್ಲವೆಂದು ಹೇಳಿ ಕೂತೆ. ಚಹಾ ಬಂತು. ಸಕ್ಕರೆ ಬೇಡವೆಂದಾಗ, "ಅಯ್ಯೋ, ನಿಮಗೂ ಶುಗರ್ರಾ?" ಎಂದರು. ಅಲ್ಲಿಂದ ಮಾತು ಶುರುವಾಯಿತು. ಮುಂದಿನ ಸೋಮವಾರ ಬರಿ ಹೊಟ್ಟೆಯಲ್ಲಿ ಇಬ್ಬರೂ ರಕ್ತ ಕೊಡಲು ಹೋಗುತ್ತಾರೆ. ಮಗಳು ತಾನೂ ಜೊತೆಗೆ ಹೋಗುವುದಾಗಿ ರಜೆ ಚೀಟಿ ಕೊಟ್ಟಿದ್ದಾಳೆ. ರುಜು ಹಾಕಿದ್ದೇನೆ.